ಏಳನೆಯ ಅಂಗ: ಅಮೆರಿಕದ ಸ್ನೇಹವೂ ನಮ್ಮ ರಕ್ಷಣೆಯೂ



ಅಮೆರಿಕದ ರಕ್ಷಣಾ ನೀತಿಯನ್ನು ಕುರಿತು ಮಾತನಾಡಬೇಕೆಂದು ಅಧ್ಯಕ್ಷರು ಹೇಳಿದಾಗ, ಇದು ದೆಹಲಿಯ ನಿವೃತ್ತ ರಾಯಭಾರಿಗಳಿಗೆ ಸಲ್ಲುವ ವಿಷಯವಲ್ಲವೇ, ರಾಜ್ಯೋತ್ಸವವನ್ನೂ ದಾಸರ ಆರಾಧನೆಯನ್ನೂ ನಡೆಸಿಕೊಂಡು ಬಂದಿರುವ ನಮ್ಮ ಸಂಘಕ್ಕೇಕೆ ಎಂದು ಸಂಕೋಚದಿಂದಲೇ ಕೇಳಿದೆ. ಅವರು ನಕ್ಕು, "ನಮ್ಮ ಸದಸ್ಯರಲ್ಲಿ ಅರ್ಧ ಜನ ಕಂಚನ್‌ಬಾಗಿನಲ್ಲೋ ಮೌಲಾ ಅಲಿಯ ಕಡೆಯೋ ದುಡಿದು ನಿವೃತ್ತರಾದವರು. ಇನ್ನರ್ಧ ಜನರ ಮಕ್ಕಳು ಅಮೆರಿಕದಲ್ಲಿದ್ದಾರೆ. ಇಬ್ಬರೂ ಒಂದೇ ಸಾಲಿನಲ್ಲಿ ಕುಳಿತು ಜಗಳವಾಡುತ್ತಾರೆ. ನೀವು ಬಂದು ತೀರ್ಮಾನ ಹೇಳಿ" ಎಂದರು. ತೀರ್ಮಾನ ಹೇಳುವ ಅಧಿಕಾರ ನನಗಿಲ್ಲ. ಧಾರವಾಡದಲ್ಲಿ ರಾಜ್ಯಶಾಸ್ತ್ರದ ಎಂ.ಎ. ಮುಗಿಸಿ ಕೇಂದ್ರ ಸರ್ಕಾರದ ಸೇವೆಗೆ ಸೇರಿದ ನಾನು ಈ ಮೂವತ್ತು ವರ್ಷಗಳ ಬಹುಪಾಲನ್ನು ಕರಾರುಪತ್ರಗಳನ್ನು ಓದುವುದರಲ್ಲಿ ಕಳೆದಿದ್ದೇನೆ. ಇಲ್ಲಿ ಆಡುವ ಮಾತು ನನ್ನದು, ಸರ್ಕಾರದ್ದಲ್ಲ. ನಡತೆ ನಿಯಮಾವಳಿ ನನಗೂ ಕಂಠಪಾಠವಾಗಿದೆ.

ಕರಾರು ಓದುವವನಿಗೆ ಒಂದು ಅಭ್ಯಾಸ ಅಂಟಿಕೊಳ್ಳುತ್ತದೆ. ಮೊದಲ ಪುಟದ ಸೌಜನ್ಯದ ವಾಕ್ಯಗಳನ್ನು ಬಿಟ್ಟು ನೇರವಾಗಿ ಕೊನೆಯ ಷರತ್ತುಗಳಿಗೆ ಹೋಗುವುದು. ಎರಡು ದೇಶಗಳ ನಡುವಿನ ಸ್ನೇಹವನ್ನೂ ಹಾಗೆಯೇ ಓದಬೇಕೆಂಬುದು ನನ್ನ ವಾದ. ನಾವು ಅಮೆರಿಕದ ಅಧ್ಯಕ್ಷರ ಭಾಷಣಗಳನ್ನು ಓದಿ ಹಿಗ್ಗುತ್ತೇವೆ, ಇಲ್ಲವೇ ಕೆರಳುತ್ತೇವೆ. ಅವರ ಶಾಸನಸಭೆ ಮಾಡಿದ ಕಾನೂನುಗಳನ್ನು ಓದುವವರು ನಮ್ಮಲ್ಲಿ ವಿರಳ. ಕಳೆದ ಎಪ್ಪತ್ತು ವರ್ಷಗಳಲ್ಲಿ ನಮಗೆ ಒದಗಿದ ಆಘಾತಗಳಲ್ಲಿ ಹೆಚ್ಚಿನವು ಆ ಕಾನೂನುಗಳಿಂದ ಬಂದವು. ಅವುಗಳಲ್ಲಿ ಹಲವು ಈ ಹೈದರಾಬಾದು ನಗರದ ಮೇಲೆಯೇ ಬಿದ್ದವು.

ಇದಕ್ಕೊಂದು ಅಳತೆಗೋಲು ನಮ್ಮವರೇ ಹುಡುಕಿಕೊಟ್ಟದ್ದಿದೆ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ರುದ್ರಪಟ್ಟಣದ ಶಾಮಶಾಸ್ತ್ರಿಗಳ ಕೈಗೆ ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿ ಬಂದದ್ದು 1905ರಲ್ಲಿ. 1909ರಲ್ಲಿ ಅವರು ಅದನ್ನು ಅಚ್ಚು ಹಾಕಿಸಿದರು. ರಾಜ್ಯಕ್ಕೆ ಏಳು ಅಂಗಗಳೆಂದು ಕೌಟಿಲ್ಯ ಹೇಳುತ್ತಾನೆ: ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ. ಮಿತ್ರನದು ಕೊನೆಯ ಸ್ಥಾನ. ಈ ಕ್ರಮ ಆಕಸ್ಮಿಕವಲ್ಲ; ಮುಂದಿನ ಅಂಗಕ್ಕೆ ಬರುವ ವಿಪತ್ತಿಗಿಂತ ಅದರ ಹಿಂದಿನ ಅಂಗಕ್ಕೆ ಬರುವ ವಿಪತ್ತು ಗುರುತರವೆಂದು ಅವನೇ ಬೇರೊಂದು ಅಧಿಕರಣದಲ್ಲಿ ವಿವರಿಸಿದ್ದಾನೆ. ಮಿತ್ರರಲ್ಲಿಯೂ ಅವನು ಭೇದ ಮಾಡುತ್ತಾನೆ. ನೆರೆರಾಜ್ಯದ ಆಚೆಯ ನೆಲದವನಾಗಿ ತಾನಾಗಿ ಒದಗುವವನು ಒಬ್ಬ, ರಕ್ತಸಂಬಂಧದಿಂದ ಬರುವವನು ಇನ್ನೊಬ್ಬ, ಧನಕ್ಕಾಗಿಯೋ ಪ್ರಾಣರಕ್ಷಣೆಗಾಗಿಯೋ ಮಾಡಿಕೊಂಡವನು ಮತ್ತೊಬ್ಬ. ಈ ಕೊನೆಯವನನ್ನು ಕೃತ್ರಿಮ ಮಿತ್ರನೆನ್ನುತ್ತಾನೆ. ಕೃತ್ರಿಮವೆಂದರೆ ಇಲ್ಲಿ ಕಪಟವೆಂದಲ್ಲ, ಕಟ್ಟಿಕೊಂಡದ್ದು ಎಂದಷ್ಟೇ ಅರ್ಥ. ಅಮೆರಿಕವು ನಮಗೆ ಈ ಮೂರನೆಯ ಬಗೆಯ ಮಿತ್ರ.

ದುರ್ಗ, ಕೋಶ, ದಂಡಗಳನ್ನು ಅಲಕ್ಷಿಸಿ ಏಳನೆಯ ಅಂಗವನ್ನು ನೆಚ್ಚಿದ ರಾಜ್ಯದ ಗತಿಯನ್ನು ಈ ಊರೇ ಕಂಡಿದೆ. 1948ರಲ್ಲಿ ನಿಜಾಮ ಸರ್ಕಾರವು ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯದ ವೈಮಾನಿಕನ ಮೂಲಕ ಕರಾಚಿಯಿಂದ ಶಸ್ತ್ರಾಸ್ತ್ರಗಳನ್ನು ಕದ್ದು ತರಿಸುತ್ತಿತ್ತು. ಆ ವಿಮಾನಗಳು ಇಳಿಯುತ್ತಿದ್ದ ನೆಲೆಗಳಲ್ಲಿ ನಮ್ಮ ಬೀದರವೂ ಒಂದು. ಆಗಸ್ಟ್ 21ರಂದು ನಿಜಾಮರು ವಿಶ್ವಸಂಸ್ಥೆಗೆ ದೂರು ಕೊಟ್ಟರು. ಭದ್ರತಾ ಮಂಡಳಿ ಪ್ಯಾರಿಸ್ಸಿನಲ್ಲಿ ಸೇರಿ ಆ ದೂರನ್ನು ಕೈಗೆತ್ತಿಕೊಂಡದ್ದು ಸೆಪ್ಟೆಂಬರ್ 16ರಂದು. ಮರುದಿನ ಇಲ್ಲಿ ಯುದ್ಧವೇ ಮುಗಿದಿತ್ತು. ಬೀದರ, ಕಲಬುರಗಿ, ರಾಯಚೂರಿನ ಬಂಧುಗಳು ಆ ಸೆಪ್ಟೆಂಬರ್ 17ನ್ನು ವಿಮೋಚನೆಯ ದಿನವೆಂದು ಆಚರಿಸುತ್ತಾರೆ. ಆಚರಣೆಯ ಸಂತೋಷದಲ್ಲಿ ಸೋತವನ ಲೆಕ್ಕಾಚಾರ ಎಲ್ಲಿ ತಪ್ಪಿತೆಂಬುದನ್ನು ನೋಡುವುದು ನಮಗೆ ಮರೆತುಹೋಗುತ್ತದೆ.

ಸ್ವತಂತ್ರ ಭಾರತವೂ ಅಂಥ ಲೆಕ್ಕಾಚಾರಗಳನ್ನು ಮಾಡಿತು. 1954ರಲ್ಲಿ ಅಮೆರಿಕವು ಪಾಕಿಸ್ತಾನಕ್ಕೆ ಶಸ್ತ್ರ ನೀಡಲು ನಿರ್ಧರಿಸಿದಾಗ, ಅವು ಭಾರತದ ವಿರುದ್ಧ ಬಳಕೆಯಾಗಲು ಬಿಡುವುದಿಲ್ಲವೆಂದು ಅಧ್ಯಕ್ಷ ಐಸೆನ್‌ಹೋವರ್ ಪಂಡಿತ ನೆಹರೂ ಅವರಿಗೆ ಪತ್ರ ಬರೆದರು. 1965ರಲ್ಲಿ ಪಂಜಾಬಿನ ಅಸಲ್ ಉತ್ತರ್‌ನ ಕಬ್ಬಿನ ಗದ್ದೆಗಳಲ್ಲಿ ನಮ್ಮ ಸೈನಿಕರು ಎದುರಿಸಿದ್ದು ಅದೇ ಅಮೆರಿಕದ ಪ್ಯಾಟನ್ ಟ್ಯಾಂಕುಗಳನ್ನು. ಐಸೆನ್‌ಹೋವರ್ ಸುಳ್ಳು ಹೇಳಿದರೆಂದು ನಾನು ಹೇಳಲಾರೆ. ಪತ್ರ ಬರೆದವರು ನಿವೃತ್ತರಾಗಿದ್ದರು, ಪತ್ರಕ್ಕೆ ಕಾನೂನಿನ ಬಲವಿರಲಿಲ್ಲ. 1962ರ ನವೆಂಬರ್‌ನಲ್ಲಿ ಚೀನೀಯರು ಇಳಿದು ಬರುತ್ತಿದ್ದಾಗ ಅಮೆರಿಕವು ಶೀಘ್ರವಾಗಿ ನೆರವಿಗೆ ಬಂದದ್ದೂ ನಿಜ. ಅದನ್ನು ಮರೆಯುವುದು ಕೃತಘ್ನತೆಯಾದೀತು. ಆದರೆ ಮೂರೇ ವರ್ಷಗಳಲ್ಲಿ, ಪಾಕಿಸ್ತಾನದೊಂದಿಗೆ ಯುದ್ಧ ನಡೆಯುತ್ತಿದ್ದಾಗಲೇ, ಉಭಯ ದೇಶಗಳಿಗೂ ಶಸ್ತ್ರ ಪೂರೈಕೆಯನ್ನು ನಿಲ್ಲಿಸಿತು. 1971ರ ಡಿಸೆಂಬರ್‌ನಲ್ಲಿ ಎಂಟರ್‌ಪ್ರೈಸ್ ನೌಕೆ ಬಂಗಾಳ ಕೊಲ್ಲಿಗೆ ಬಂದ ಕಥೆ ತಮಗೆಲ್ಲ ತಿಳಿದದ್ದೇ, ಅದನ್ನು ಬೆಳೆಸುವುದಿಲ್ಲ.

ನಾನು ವಿಸ್ತಾರವಾಗಿ ಹೇಳಬೇಕೆಂದಿರುವುದು ತಾರಾಪುರದ ಪ್ರಕರಣವನ್ನು. ಅದರ ಒಂದು ತುದಿ ಮಹಾರಾಷ್ಟ್ರದ ಕಡಲತೀರದಲ್ಲಿದೆ, ಇನ್ನೊಂದು ತುದಿ ಇಲ್ಲಿ ನಮ್ಮ ಅಣು ಇಂಧನ ಸಂಕೀರ್ಣ ಎನ್.ಎಫ್.ಸಿ.ಯಲ್ಲಿದೆ. ತಾರಾಪುರದ ಎರಡು ಅಣು ವಿದ್ಯುತ್ ಸ್ಥಾವರಗಳನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ಕಟ್ಟಿಕೊಟ್ಟಿತು. 1963ರ ಒಪ್ಪಂದದಂತೆ ಮೂವತ್ತು ವರ್ಷಗಳ ಕಾಲ, ಎಂದರೆ 1993ರವರೆಗೆ, ಅವಕ್ಕೆ ಸಂವರ್ಧಿತ ಯುರೇನಿಯಮ್ಮನ್ನು ಅಮೆರಿಕವೇ ಪೂರೈಸಬೇಕು. ಹಾಗೆ ಬಂದದ್ದನ್ನು ಹೈದರಾಬಾದಿನ ಎನ್.ಎಫ್.ಸಿ.ಯಲ್ಲಿ ಇಂಧನ ಸರಳುಗಳಾಗಿ ಮಾರ್ಪಡಿಸಿ ತಾರಾಪುರಕ್ಕೆ ಕಳುಹಿಸಲಾಗುತ್ತಿತ್ತು. 1974ರಲ್ಲಿ ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣನವರ ನೇತೃತ್ವದಲ್ಲಿ ಪೋಖರಣ್‌ನ ಮೊದಲ ಪರೀಕ್ಷೆ ನಡೆಯಿತು. ಅಮೆರಿಕದ ಕಾಂಗ್ರೆಸ್ಸು ನಾಲ್ಕು ವರ್ಷ ವಿಚಾರ ಮಾಡಿ 1978ರಲ್ಲಿ ಅಣ್ವಸ್ತ್ರ ಪ್ರಸರಣ ತಡೆ ಕಾನೂನನ್ನು ತಂದಿತು. ತನ್ನೆಲ್ಲ ಅಣು ಕೇಂದ್ರಗಳನ್ನೂ ಅಂತರರಾಷ್ಟ್ರೀಯ ತಪಾಸಣೆಗೆ ತೆರೆದಿಡದ ದೇಶಕ್ಕೆ ಇಂಧನವಿಲ್ಲ ಎಂಬುದು ಅದರ ಸಾರ. ಹದಿನೈದು ವರ್ಷ ಹಿಂದೆ ಸಹಿಯಾದ ಒಪ್ಪಂದದ ತಲೆಯ ಮೇಲೆ ಈ ಹೊಸ ಷರತ್ತು ಬಂದು ಕುಳಿತಿತು.

1980ರಲ್ಲಿ ಅಧ್ಯಕ್ಷ ಕಾರ್ಟರ್, ತಮ್ಮದೇ ಅಣು ನಿಯಂತ್ರಣ ಆಯೋಗದ ನಿರಾಕರಣೆಯನ್ನು ಬದಿಗಿರಿಸಿ, 38 ಟನ್ ಇಂಧನ ಕಳುಹಿಸಲು ಮುಂದಾದರು. ಕೆಳಮನೆ 298 ಮತಗಳಿಂದ ಅದನ್ನು ತಿರಸ್ಕರಿಸಿತು. ಪರವಾಗಿ ಬಿದ್ದದ್ದು 98. ಸೆನೆಟ್ಟು 48ಕ್ಕೆ 46ರಂತೆ ಅಧ್ಯಕ್ಷರ ಮಾತನ್ನು ಉಳಿಸಿತು. ಎರಡೂ ಮನೆಗಳು ವಿರೋಧಿಸಿದ್ದರೆ ಮಾತ್ರ ತಡೆಯಲು ಸಾಧ್ಯವಿದ್ದುದರಿಂದ ಇಂಧನ ಹೊರಟಿತು. ಎರಡು ಮತಗಳ ಅಂತರದಲ್ಲಿ ಮುಂಬಯಿಯ ದೀಪಗಳು ಉರಿಯಬೇಕಾದ ಸ್ಥಿತಿಯನ್ನು ಊಹಿಸಿಕೊಳ್ಳಿ. 1982ರಲ್ಲಿ ಪೂರೈಕೆಯ ಭಾರವನ್ನು ಫ್ರಾನ್ಸಿಗೆ ವರ್ಗಾಯಿಸಿ ಆ ಅಧ್ಯಾಯವನ್ನು ಮುಗಿಸಲಾಯಿತು.

ಇದನ್ನು ದ್ರೋಹವೆಂದು ಕರೆದು ನಮ್ಮ ಎಡಪಂಥೀಯ ಮಿತ್ರರು ಬಹಳ ಕಾಲ ಭಾಷಣ ಮಾಡಿದರು. ನನಗೆ ಹಾಗೆ ಕಾಣುವುದಿಲ್ಲ. ಒಂದು ಬಡದೇಶದ ಎರಡು ಸ್ಥಾವರಗಳಿಗೆ ಹೋಗಬೇಕಾದ ಇಂಧನದ ಬಗ್ಗೆ ಒಂದು ಮಹಾಶಕ್ತಿಯ ಸೆನೆಟ್ಟು ದಿನಗಟ್ಟಲೆ ತಲೆಕೆಡಿಸಿಕೊಂಡು, ಒಬ್ಬೊಬ್ಬ ಸದಸ್ಯನೂ ತನ್ನ ಹೆಸರಿನ ಮುಂದೆ ಮತ ದಾಖಲಿಸಿದನಲ್ಲ, ಅದರಲ್ಲಿ ಒಂದು ಗಾಂಭೀರ್ಯವಿದೆ. ನಮ್ಮಲ್ಲಿ 2018ರ ಮಾರ್ಚ್‌ನಲ್ಲಿ ರಕ್ಷಣೆಯೂ ಸೇರಿದಂತೆ ಎಲ್ಲ ಸಚಿವಾಲಯಗಳ ಅನುದಾನದ ಬೇಡಿಕೆಗಳು ಲೋಕಸಭೆಯಲ್ಲಿ ಗದ್ದಲದ ನಡುವೆ, ಚರ್ಚೆಯಿಲ್ಲದೆ, ಒಂದೇ ಏಟಿಗೆ ಅಂಗೀಕಾರವಾದವು. ದೋಷ ಯಾವ ಪಕ್ಷದ್ದೆಂಬ ಪ್ರಶ್ನೆಗೆ ನಾನು ಹೋಗುವುದಿಲ್ಲ. ನಡತೆ ನಿಯಮಾವಳಿಯನ್ನು ಆಗಲೇ ಸ್ಮರಿಸಿದ್ದೇನೆ. ಅಮೆರಿಕವು ತನ್ನ ಸೇನಾ ಪಡೆಗಳನ್ನು ಒಂದೇ ನೊಗಕ್ಕೆ ಕಟ್ಟುವ ಗೋಲ್ಡ್‌ವಾಟರ್-ನಿಕಲ್ಸ್ ಶಾಸನವನ್ನು, ಸೇನಾಧಿಕಾರಿಗಳ ವಿರೋಧವನ್ನೂ ಲೆಕ್ಕಿಸದೆ, 1986ರಲ್ಲಿ ತಂದಿತು. ಕಾರ್ಗಿಲ್ ಯುದ್ಧದ ತರುವಾಯ 2001ರಲ್ಲಿ ಮಂತ್ರಿಗಳ ಸಮಿತಿ ಶಿಫಾರಸು ಮಾಡಿದ ಸಂಯುಕ್ತ ಸೇನಾ ಮುಖ್ಯಸ್ಥರ ಹುದ್ದೆ ನಮ್ಮಲ್ಲಿ ತುಂಬಿದ್ದು 2020ರ ಜನವರಿಯಲ್ಲಿ. ಅಮೆರಿಕದಿಂದ ಏನಾದರೂ ತರಿಸಿಕೊಳ್ಳಬೇಕಿದ್ದರೆ ಈ ಗಾಂಭೀರ್ಯವನ್ನು ಮೊದಲು ತರಿಸಿಕೊಳ್ಳೋಣ. ಅದಕ್ಕೆ ಸುಂಕವೂ ಇಲ್ಲ.

ಇನ್ನು ಕಂಚನ್‌ಬಾಗಿಗೆ ಬರೋಣ. 1983ರಲ್ಲಿ ಸಮಗ್ರ ಕ್ಷಿಪಣಿ ಯೋಜನೆ ಮಂಜೂರಾಯಿತು, ಡಿ.ಆರ್.ಡಿ.ಎಲ್.ನ ಚುಕ್ಕಾಣಿ ಅಬ್ದುಲ್ ಕಲಾಮರ ಕೈಯಲ್ಲಿತ್ತು. ನಾಲ್ಕು ವರ್ಷಗಳಲ್ಲಿ, 1987ರ ಏಪ್ರಿಲ್‌ನಲ್ಲಿ, ಅಮೆರಿಕ ಮತ್ತು ಅದರ ಆರು ಮಿತ್ರ ರಾಷ್ಟ್ರಗಳು ಕ್ಷಿಪಣಿ ತಂತ್ರಜ್ಞಾನ ನಿಯಂತ್ರಣ ವ್ಯವಸ್ಥೆಯನ್ನು ಘೋಷಿಸಿದವು. 500 ಕಿಲೋ ಭಾರವನ್ನು 300 ಕಿಲೋಮೀಟರ್ ಒಯ್ಯಬಲ್ಲ ಕ್ಷಿಪಣಿಗೆ ನೆರವಾಗುವ ಯಾವುದನ್ನೂ ಹೊರಗಿನವರಿಗೆ ಕೊಡಬಾರದೆಂಬುದು ನಿಯಮ. ಲೋಹ, ಗಣಕ, ಪರೀಕ್ಷಾ ಯಂತ್ರ ಎಲ್ಲಕ್ಕೂ ಬಾಗಿಲು ಮುಚ್ಚಿತು. ಇಂದಿನ ಯುವಕರು ನಂಬಲಾರರು, ಆಗ ಒಂದು ದೊಡ್ಡ ಗಣಕಯಂತ್ರಕ್ಕಾಗಿ ದೇಶವೇ ಕೈಯೊಡ್ಡಿ ನಿಂತಿತ್ತು. ಹವಾಮಾನ ಮುನ್ಸೂಚನೆಗೆಂದು ದೆಹಲಿಗೆ ಒಂದು ಕ್ರೇ ಗಣಕವನ್ನು ಕೊಟ್ಟ ಅಮೆರಿಕ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಕೊಡಲಿಲ್ಲ. ಬೆಂಗಳೂರಿನ ಎನ್.ಎ.ಎಲ್. 1986ರಲ್ಲಿಯೇ ಫ್ಲೋಸಾಲ್ವರ್ ಎಂಬ ಸಮಾಂತರ ಗಣಕವನ್ನು ಮಾಡಿತ್ತು; ಇಲ್ಲಿ ಹೈದರಾಬಾದಿನಲ್ಲಿ ಅನುರಾಗ್ ಎಂಬ ಪ್ರಯೋಗಾಲಯ ಪೇಸ್ ಎಂಬುದನ್ನು ಕಟ್ಟಿತು. ಮಿಧಾನಿ ಕಾರ್ಖಾನೆ ವಿಶೇಷ ಉಕ್ಕನ್ನು ಕರಗಿಸಿತು. 1989ರ ಮೇ 22ರಂದು, ಎರಡು ಬಾರಿ ಮುಂದೂಡಿದ ಮೇಲೆ, ಅಗ್ನಿ ಚಾಂದೀಪುರದಿಂದ ಮೇಲೇರಿತು.

ಇಷ್ಟು ಹೇಳಿ ನಿಲ್ಲಿಸಿದರೆ ಚಪ್ಪಾಳೆ ಬೀಳುತ್ತದೆಂದು ಬಲ್ಲೆ. ಆದರೆ ನಿರ್ಬಂಧವೇ ವರವಾಯಿತೆಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಉಪವಾಸವನ್ನು ಹೊಗಳುವುದು ಉಂಡವರ ಚಟ. ಅದೇ ಯೋಜನೆಯ ತ್ರಿಶೂಲ್ ಕ್ಷಿಪಣಿಯನ್ನು ಕೊನೆಗೆ ಕೈಬಿಡಬೇಕಾಯಿತು. 1992ರಲ್ಲಿ ಅಮೆರಿಕವು ಇಸ್ರೋ ಮೇಲೂ ರಷ್ಯದ ಗ್ಲಾವ್‌ಕಾಸ್ಮಾಸ್ ಮೇಲೂ ನಿರ್ಬಂಧ ಹೇರಿ ಶೀತಜನಕ ಎಂಜಿನ್ನಿನ ತಂತ್ರಜ್ಞಾನ ನಮಗೆ ದಕ್ಕದಂತೆ ಮಾಡಿತು. ನಮ್ಮದೇ ಎಂಜಿನ್ ಉಪಗ್ರಹವನ್ನು ಯಶಸ್ವಿಯಾಗಿ ಹೊತ್ತೊಯ್ದದ್ದು 2014ರ ಜನವರಿ 5ರಂದು. ಇಪ್ಪತ್ತೆರಡು ವರ್ಷಗಳು! ಬೆಂಗಳೂರಿನಲ್ಲಿ 1989ರಲ್ಲಿ ಆರಂಭವಾದ ಕಾವೇರಿ ಎಂಜಿನ್ ಯೋಜನೆ ತೇಜಸ್ ವಿಮಾನಕ್ಕೆ ಸಾಲದೆಂದು 2008ರಲ್ಲಿ ಅದರಿಂದ ಬೇರ್ಪಟ್ಟಿತು. ಹಠವೊಂದೇ ಎಂಜಿನ್ನನ್ನು ತಿರುಗಿಸಲಾರದು. ಅದಕ್ಕೆ ಹಣವೂ ಕಾಲವೂ, ಸೋಲನ್ನು ಒಪ್ಪಿಕೊಂಡು ಮತ್ತೆ ಮೊದಲಿನಿಂದ ಹೊರಡುವ ಆಡಳಿತವೂ ಬೇಕು. ಕೌಟಿಲ್ಯನ ಮಾತಿನಲ್ಲಿ ಹೇಳುವುದಾದರೆ ಕೋಶವೂ ಅಮಾತ್ಯನೂ ಬೇಕು.

1998ರ ಮೇ ತಿಂಗಳ ಪರೀಕ್ಷೆಗಳ ನಂತರದ ನಿರ್ಬಂಧಗಳನ್ನು ನಾನು ಸ್ವತಃ ಕಂಡವನು. ಆಗ ಕಿರಿಯ ಅಧಿಕಾರಿ. ಒಂದು ಕಚೇರಿಯಲ್ಲಿ ನನ್ನ ಮೇಜಿಗೆ ಒಂದು ಆಮದು ಕಡತ ಬಂತು. ಸಾಧಾರಣವಾದೊಂದು ಅಳತೆಯ ಉಪಕರಣ, ಮುಂಗಡ ಪಾವತಿಯಾಗಿತ್ತು. ಮಾರುವ ಕಂಪನಿಯಿಂದ ಅರ್ಧ ಪುಟದ ಪತ್ರ: ರಫ್ತು ಪರವಾನಗಿ ಸಿಗುವುದಿಲ್ಲ, ವಿಷಾದವಿದೆ. ನಾನು ಕರಾರನ್ನು ತೆರೆದೆ. ಮಾರುವವರ ದೇಶದ ಕಾನೂನು ಅಡ್ಡ ಬಂದರೆ ಅವರು ಹೊಣೆಯಲ್ಲವೆಂಬ ಷರತ್ತು ಅದರಲ್ಲಿ ಸ್ಪಷ್ಟವಾಗಿಯೇ ಇತ್ತು. ಸಹಿ ಹಾಕಿದ ನಮ್ಮವರಾರೂ ಅದನ್ನು ಗುರುತು ಮಾಡಿರಲಿಲ್ಲ. ಮುಂಗಡವನ್ನು ಹಿಂದಕ್ಕೆ ತರಿಸಲು ಎರಡು ವರ್ಷ ಪತ್ರ ವ್ಯವಹಾರ ನಡೆಸಿದೆ. ಕರಾರುಗಳನ್ನು ಕೊನೆಯಿಂದ ಓದಲು ಕಲಿತದ್ದು ಆಗ.

ಅದೇ ಕಾಲದ ಇನ್ನೊಂದು ಸಂಗತಿ ನನಗೆ ಹೆಚ್ಚು ಬೋಧಪ್ರದವಾಗಿ ಕಂಡಿತು. ಅಣುಪರೀಕ್ಷೆ ಮಾಡಿದ ದೇಶಕ್ಕೆ ಸಾಲ, ನೆರವು ಎಲ್ಲವನ್ನೂ ನಿಲ್ಲಿಸಬೇಕೆಂದು 1994ರ ಗ್ಲೆನ್ ತಿದ್ದುಪಡಿ ವಿಧಿಸಿತ್ತು. ಅಧ್ಯಕ್ಷರಿಗೆ ವಿವೇಚನೆಯೇ ಇರಲಿಲ್ಲ. ಆದರೆ ಪಾಕಿಸ್ತಾನಕ್ಕೆ ಗೋಧಿ ಮಾರುತ್ತಿದ್ದ ಅಮೆರಿಕದ ರೈತರಿಗೆ ಅದರಿಂದ ಪೆಟ್ಟು ಬೀಳುವಂತಾಯಿತು. ಪರೀಕ್ಷೆ ನಡೆದು ಎರಡು ತಿಂಗಳಾಗುವಷ್ಟರಲ್ಲಿ, 1998ರ ಜುಲೈನಲ್ಲಿ, ಕೃಷಿ ವ್ಯಾಪಾರಕ್ಕೆ ವಿನಾಯಿತಿ ನೀಡುವ ಹೊಸ ಕಾನೂನು ಸಿದ್ಧವಾಯಿತು. ಡಿ.ಆರ್.ಡಿ.ಎಲ್. ಮತ್ತು ನಮ್ಮ ಭಾರತ್ ಡೈನಮಿಕ್ಸ್ ಕಾರ್ಖಾನೆ ಅಮೆರಿಕದ ನಿಷೇಧಿತರ ಪಟ್ಟಿಯಿಂದ ಹೊರಬಂದದ್ದು 2011ರ ಜನವರಿಯಲ್ಲಿ. ಗೋಧಿಗೆ ಎರಡು ತಿಂಗಳು, ಕಂಚನ್‌ಬಾಗಿಗೆ ಹನ್ನೆರಡು ವರ್ಷಕ್ಕೂ ಮಿಗಿಲು. ಅವರ ಕಾನೂನು ಬಂಡೆಯಲ್ಲ, ಅವರ ಹಿತ ಒತ್ತಿದ ಕಡೆ ಬಾಗುತ್ತದೆ. ಎಲ್ಲಿ ಬಾಗುತ್ತದೆಂಬುದನ್ನು ಬಲ್ಲವನು ಮಾತುಕತೆಯಲ್ಲಿ ಗೆಲ್ಲುತ್ತಾನೆ. ರಷ್ಯದಿಂದ ಎಸ್-400 ಕೊಂಡದ್ದಕ್ಕಾಗಿ 2017ರ ಶಾಸನದಡಿ ತುರ್ಕಿಯ ಮೇಲೆ 2020ರಲ್ಲಿ ನಿರ್ಬಂಧ ಬಿತ್ತು. 2018ರಲ್ಲಿ ಅದನ್ನೇ ಕೊಳ್ಳಲು ಸಹಿ ಹಾಕಿದ ನಮ್ಮ ಮೇಲೆ ಬೀಳಲಿಲ್ಲ. ವಿನಾಯಿತಿಯ ದಾರಿಯೂ ಅವರ ಕಾನೂನಿನೊಳಗೇ ಇತ್ತು.

ಕಾಲ ಬದಲಾಗಿದೆಯೆಂದು ನೀವು ಹೇಳಬಹುದು. ಬದಲಾಗಿರುವುದು ನಿಜ. ಯಾವ ವ್ಯವಸ್ಥೆ ನಮ್ಮನ್ನು ಹೊರಗಿಟ್ಟಿತ್ತೋ ಅದೇ ಕ್ಷಿಪಣಿ ನಿಯಂತ್ರಣ ವ್ಯವಸ್ಥೆಗೆ 2016ರ ಜೂನ್‌ನಲ್ಲಿ ನಾವೇ ಸದಸ್ಯರಾದೆವು. ಇಲ್ಲಿಯ ಆದಿಬಟ್ಲದಲ್ಲಿ ಟಾಟಾದವರು ಬೋಯಿಂಗ್ ಜೊತೆಗೂಡಿ 2018ರಿಂದ ಅಪಾಚೆ ಹೆಲಿಕಾಪ್ಟರಿನ ಒಡಲನ್ನು ತಯಾರಿಸುತ್ತಿದ್ದಾರೆ. ಲಾಕ್‌ಹೀಡ್ ಜೊತೆಗೂಡಿ ಸಾಗಣೆ ವಿಮಾನದ ಬಾಲದ ಭಾಗವನ್ನು ಮಾಡುತ್ತಿದ್ದಾರೆ. ಆದರೆ ನಮ್ಮ ಭೂಸೇನೆಗೆ 2020ರಲ್ಲಿ ಕೊಳ್ಳಲು ಒಪ್ಪಿದ ಆರು ಅಪಾಚೆಗಳಲ್ಲಿ ಮೊದಲ ಮೂರು, ನಿಗದಿಯಾದ ಕಾಲ ಮೀರಿ ವರ್ಷಕ್ಕೂ ಹೆಚ್ಚಾದ ಮೇಲೆ, 2025ರ ಜುಲೈನಲ್ಲಿ ಬಂದವು. ತೇಜಸ್ ವಿಮಾನಗಳಿಗಾಗಿ 2021ರಲ್ಲಿ ಬೇಡಿಕೆ ಇಟ್ಟ 99 ಎಂಜಿನ್ನುಗಳಲ್ಲಿ ಮೊದಲನೆಯದು 2025ರ ಮಾರ್ಚ್‌ನಲ್ಲಿ ಕೈಸೇರಿತು. ಇಲ್ಲಿ ಯಾರ ದ್ವೇಷವೂ ಇರಲಿಲ್ಲ. ನಿಂತುಹೋಗಿದ್ದ ಉತ್ಪಾದನೆಯನ್ನು ಮತ್ತೆ ಆರಂಭಿಸುವುದರಲ್ಲಿ ತಡವಾಯಿತಂತೆ. ವಾಯುಪಡೆಗೆ ಕಾರಣ ಯಾವುದಾದರೇನು, ವಿಮಾನಗಳು ಎಂಜಿನ್ನಿಲ್ಲದೆ ನಿಂತವು.

2025ರ ಆಗಸ್ಟ್‌ನಲ್ಲಿ ಅಮೆರಿಕವು ನಮ್ಮ ಸರಕುಗಳ ಮೇಲಿನ ಸುಂಕವನ್ನು ಶೇಕಡಾ 50ಕ್ಕೆ ಏರಿಸಿತು. ಅಕ್ಟೋಬರ್ 31ರಂದು ಕ್ವಾಲಾಲಂಪುರದಲ್ಲಿ ಅದೇ ಅಮೆರಿಕದೊಂದಿಗೆ ಹತ್ತು ವರ್ಷಗಳ ರಕ್ಷಣಾ ಚೌಕಟ್ಟಿಗೆ ಸಹಿಯಾಯಿತು. ಮರುವಾರವೇ ಇನ್ನೂ 113 ಎಂಜಿನ್ನುಗಳ ಕರಾರು. ಆಗಸ್ಟ್‌ನಲ್ಲಿ ನಮ್ಮ ಪತ್ರಿಕೆಗಳು ಶತ್ರುವೆಂದವು, ನವೆಂಬರ್‌ನಲ್ಲಿ ಮಿತ್ರನೆಂದವು. ಕೌಟಿಲ್ಯನ ಓದುಗನಿಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ, ಆಪರೇಷನ್ ಸಿಂಧೂರದ ಇರುಳುಗಳಲ್ಲಿ, ನಮ್ಮ ಆಕಾಶವನ್ನು ಕಾದ ಆಯುಧಗಳಲ್ಲಿ ಇದೇ ಊರಿನ 'ಆಕಾಶ್' ಕ್ಷಿಪಣಿಯೂ ಒಂದು. 1983ರ ಯೋಜನೆಯ ಕೂಸು ಅದು. ಬೆಳೆಯಲು ಬಹುಕಾಲ ಹಿಡಿಯಿತು, ತಡವಾಯಿತೆಂದು ಬೈಸಿಕೊಂಡಿತು. ಅದನ್ನು ಹಾರಿಸಲು ಯಾವ ಸೆನೆಟ್ಟಿನ ಮತವೂ ಬೇಕಾಗಲಿಲ್ಲ.

ಕಳೆದ ತಿಂಗಳು ನಮ್ಮ ಸಂಘದ ಹಿರಿಯ ಸೋದರಿಯೊಬ್ಬರು ನನ್ನನ್ನು ತಡೆದು ಕೇಳಿದರು. ಅವರ ಯಜಮಾನರು ಕಂಚನ್‌ಬಾಗಿನಲ್ಲಿ ಮೂವತ್ತು ವರ್ಷ ದುಡಿದವರು. ಮೊಮ್ಮಗನಿಗೆ ಆದಿಬಟ್ಲದ ಕಡೆ, ಅಮೆರಿಕದ ವಿಮಾನಗಳ ಭಾಗ ಮಾಡುವಲ್ಲಿ ಕೆಲಸ ಸಿಕ್ಕಿದೆ. "ಇವರು ಮುಖ ಊದಿಸಿಕೊಂಡು ಕುಳಿತಿದ್ದಾರೆ, ಅವನು ನಗುತ್ತಾನೆ. ನಾನು ಸಂತೋಷಪಡಲೋ ಬೇಡವೋ ನೀವೇ ಹೇಳಿ." ಸಂತೋಷಪಡಿ ತಾಯಿ, ಎಂದೆ. ಕೂದಲೆಳೆಯಷ್ಟು ತಪ್ಪದ ಕೆಲಸಗಾರಿಕೆಯನ್ನು, ತಪಾಸಣೆಯ ಶಿಸ್ತನ್ನು ಹುಡುಗ ಅಲ್ಲಿ ಕಲಿಯುತ್ತಾನೆ. ಅದು ಸಣ್ಣ ವಿದ್ಯೆಯಲ್ಲ. ಆದರೆ ಅವನ ಅಜ್ಜ ಮಾಡಿದ ವಸ್ತುವಿನ ನಕ್ಷೆ ಅಜ್ಜನ ಮೇಜಿನ ಮೇಲೆ ಹುಟ್ಟುತ್ತಿತ್ತು. ಮೊಮ್ಮಗನ ನಕ್ಷೆ ಬೇರೆಡೆಯಿಂದ ಬರುತ್ತದೆ, ಅದರಲ್ಲೊಂದು ಗೆರೆಯನ್ನು ತಿದ್ದುವ ಅಧಿಕಾರ ಅವನಿಗಿಲ್ಲ. ಇಬ್ಬರೂ ಊಟದ ಹೊತ್ತಿನಲ್ಲಾದರೂ ಮಾತಾಡಲಿ, ಎಂದು ಹೇಳಿ ಬಂದೆ. ಅಜ್ಜ ಈಗ ವಾರಕ್ಕೆರಡು ಸಂಜೆ ಮೊಮ್ಮಗನಿಗೆ ಹಳೆಯ ಟಿಪ್ಪಣಿ ಪುಸ್ತಕಗಳನ್ನು ತೆರೆದು ಹೇಳಿಕೊಡುತ್ತಿದ್ದಾರೆಂದು ಕೇಳಿದೆ. ರಹಸ್ಯವಾದದ್ದೇನೂ ಅಲ್ಲ, ಲೋಹಶಾಸ್ತ್ರವಂತೆ.

ಕೊನೆಯದಾಗಿ ಒಂದು ಕೋರಿಕೆ. ನಮ್ಮ ಸಂಘದ ವಾಚನಾಲಯ ಭಾನುವಾರ ಮಧ್ಯಾಹ್ನ ಖಾಲಿಯಿರುತ್ತದೆ. ನಾನು ಹೇಳಿದ ಶಾಸನಗಳೂ ಒಪ್ಪಂದಗಳೂ ಗುಪ್ತ ದಾಖಲೆಗಳಲ್ಲ, ಯಾರು ಬೇಕಾದರೂ ಓದಬಹುದು. ಮೊದಲಿಗೆ 1963ರ ತಾರಾಪುರ ಒಪ್ಪಂದವನ್ನೂ 1978ರ ಕಾನೂನನ್ನೂ ಪಕ್ಕಪಕ್ಕದಲ್ಲಿಟ್ಟು ಓದೋಣ, ಜೊತೆಗೆ ಅರ್ಥಶಾಸ್ತ್ರದ ಆರನೆಯ ಅಧಿಕರಣವನ್ನು. ಎನ್.ಎಫ್.ಸಿ.ಯಿಂದ ನಿವೃತ್ತರಾದ ಇಬ್ಬರು ಹಿರಿಯರು ಬರಲು ಒಪ್ಪಿದ್ದಾರೆ. ಮಕ್ಕಳು ಅಮೆರಿಕದಲ್ಲಿರುವ ತಂದೆ ತಾಯಿಗಳು ಅವಶ್ಯವಾಗಿ ಬರಬೇಕು; ಆ ದೇಶದ ಒಳಗಿನ ಸುದ್ದಿ ನಿಮಗೆ ನಮಗಿಂತ ಚೆನ್ನಾಗಿ ಗೊತ್ತು. ಕಾಫಿಯ ವ್ಯವಸ್ಥೆಯನ್ನು ಅಧ್ಯಕ್ಷರು ವಹಿಸಿಕೊಂಡಿದ್ದಾರೆ.